ಎರಡನೇ ಸಲ ಕೇಳಿದ್ದು

ಡಿ.ಎಡ್. ಎರಡನೇ ವರ್ಷ. ರೆಕಾರ್ಡ್ ಪುಸ್ತಕಕ್ಕೆ ಕಂದು ಹೊದಿಕೆ,
ಒಳಗೆ ಸ್ಕೇಲಿಟ್ಟು ಎಳೆದ ನಾಲ್ಕು ಅಂಕಣ
ಮಗುವಿನ ಹೆಸರು, ವಯಸ್ಸು, ಉತ್ತರ, ಷರಾ.
ಚಿಂತಾಮಣಿಯಿಂದ ಏಳು ಇಪ್ಪತ್ತರ ಬಸ್ಸು.
ಶಿಡ್ಲಘಟ್ಟ ಬಂತೆಂದು ಮೊದಲು ಮೂಗಿಗೆ ತಿಳಿಯುತ್ತೆ
ಬೆಂದ ಹುಳದ ವಾಸನೆ, ಸೌದೆ ಹೊಗೆ,
ಅದರೊಳಗೆ ಯಾರದೋ ಮನೆಯ ಬೆಳ್ಳುಳ್ಳಿ ಒಗ್ಗರಣೆ.

ಪ್ರಯೋಗಕ್ಕೆ ಗುಂಡಿಗಳು, ಇಲ್ಲವೇ ಹುಣಿಸೆ ಬೀಜ ಎಂದಿತ್ತು ಪುಸ್ತಕ.
ಎರಡೂ ಮರೆತಿದ್ದೆ.
ಶಾಲೆಯೆದುರು ಹೊಸ್ತಿಲಲ್ಲಿ ಕೂತು
ರೇಷ್ಮೆಗೂಡು ಆರಿಸುತ್ತಿದ್ದ ಮುದುಕಿಯ ಹತ್ತಿರ ಹನ್ನೆರಡು ಕೇಳಿದೆ.
"ಹದಿನಾಲ್ಕು ತಗೊಳಿ, ಮಕ್ಕಳು ಕಳೀತಾವೆ" ಅಂದಳು.

ತಸ್ಮಿಯಾ. ಐದು ವರ್ಷ ನಾಲ್ಕು ತಿಂಗಳು.
ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು.
ಮೇಜಿನ ಮೇಲೆ ಆರು ಗೂಡು, ಅದರೆದುರು ಆರು.
ಯಾವ ಸಾಲಲ್ಲಿ ಜಾಸ್ತಿ ಇದೆ?
ಏಕ್, ದೋ, ತೀನ್, ಎಣಿಸುತ್ತ ಹೋದವಳು
ಎದುರಿಗೆ ಮಿಸ್ ಇರುವುದು ನೆನಪಾಗಿ
ನಾಲ್ಕು, ಐದು, ಆರು ಎಂದಳು.
"ಎರಡೂ ಒಂದೇ."

ಅವಳ ಕಣ್ಣೆದುರೇ, ಪುಸ್ತಕ ಹೇಳಿದ ಹಾಗೆ,
ಒಂದು ಸಾಲನ್ನು ಮೇಜಿನ ಅಂಚಿನವರೆಗೆ ಅಗಲಿಸಿದೆ.
ಈಗ ಯಾವುದರಲ್ಲಿ ಜಾಸ್ತಿ ಇದೆ?
ಅವಳು ಗೂಡು ನೋಡಲಿಲ್ಲ,
ನನ್ನ ಮುಖ ನೋಡಿದಳು, ಸ್ವಲ್ಪ ಹೊತ್ತು.
ಆಮೇಲೆ ಉದ್ದ ಸಾಲಿನ ಮೇಲೆ ಬೆರಳಿಟ್ಟಳು.

ಬರೆದೆ. ಪೂರ್ವ ಕಾರ್ಯ ಹಂತ.
ಸಂಖ್ಯೆಯ ಸಂರಕ್ಷಣೆ ಇನ್ನೂ ಬಂದಿಲ್ಲ.
ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ,
ಪುಸ್ತಕದ ಮಗು ಪುಸ್ತಕದಲ್ಲಿದ್ದ ಹಾಗೇ ತಪ್ಪಿತ್ತಲ್ಲ.

ಬಿಸಿಯೂಟದ ಗಂಟೆಯಾದರೂ ಅವಳು ಎದ್ದಿರಲಿಲ್ಲ.
ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು.
"ಮಿಸ್, ಇದು ಚೆನ್ನಾಗಿಲ್ಲ. ಹುಳ ಸತ್ತು ಅಂಟ್ಕೊಂಡೈತೆ, ನೂಲು ಬರಲ್ಲ."
ನಾನೂ ಅಲ್ಲಾಡಿಸಿದೆ. ಏನೂ ಕೇಳಿಸ್ತಿಲ್ವಲ್ಲೇ?
"ಹ್ಞಾಂ, ಅದೇ."

ಇನ್ನೊಂದು ಕೊಟ್ಟಳು, ನನ್ನ ಮಣಿಕಟ್ಟು ಹಿಡಿದು ತಾನೇ ಆಡಿಸಿದಳು.
ಒಳಗೆ ಒಂದು ಕಾಳು ಉರುಳಿದ ಹಾಗೆ.
ಮೂರನೆಯದಕ್ಕೆ ಬೆರಳು ತಾಗಿಸಿದಳು ಅಷ್ಟೇ.
ನಾಲ್ಕನೆಯದಕ್ಕೆ ಕೈ ಬಿಟ್ಟು ಕಾದಳು.
ತಪ್ಪಿದೆ. ತಪ್ಪೆನ್ನಲಿಲ್ಲ, ಮತ್ತೊಂದು ಗೂಡು ಕೊಟ್ಟಳು.
ಅದನ್ನೂ ತಪ್ಪಿದೆ, ಮತ್ತೊಂದು.
ಹಾಲ್‌ನಲ್ಲಿ ಸಾರು ಮುಗಿಯುತ್ತಾ ಬಂದಿತ್ತು.
ಈ ಪಾಠಕ್ಕೂ ಒಂದು ಅಧ್ಯಾಯವಿದೆ,
ಅದರ ವ್ಯಾಖ್ಯೆ ನನಗೆ ಬಾಯಿಪಾಠವಿತ್ತು.

ಕೈ ತೊಳೆಸುತ್ತ ಕೇಳಿದೆ, ಮೊದಲು ಒಂದೇ ಅಂದೆಯಲ್ಲ,
ಆಮೇಲೆ ಉದ್ದದ್ದು ಜಾಸ್ತಿ ಹೇಗಾಯ್ತು?
ಮೊಣಕಾಲಿನ ಹಳೇ ಗಾಯ ಕೆರೆಯುತ್ತ ಹೇಳಿದಳು,
"ನೀವು ಎರಡನೇ ಸಲ ಕೇಳಿದ್ರಲ್ಲ.
ಎರಡನೇ ಸಲ ಕೇಳಿದ್ರೆ ಮೊದಲು ಹೇಳಿದ್ದು ತಪ್ಪು ಅಂತ."

ಷರಾ ಅಂಕಣ ಎರಡು ಬೆರಳಗಲ.
ಬರೆದದ್ದು ಇಂಕಿನಲ್ಲಿ.
ತಿದ್ದಲಿಲ್ಲ. ಇಪ್ಪತ್ತಕ್ಕೆ ಹದಿನೆಂಟು ಬಂತು.

ಈಗ ಗೌರಿಬಿದನೂರಿನಲ್ಲಿ ನನಗೇ ಒಂದನೇ ತರಗತಿ.
ಉತ್ತರ ಹೇಳಿದ ಮಗುವಿನ ಮುಂದೆ ನಾಲಿಗೆ ಒಂದು ಕ್ಷಣ ತಡೆಯುತ್ತೆ.
ಕೆಲವು ಮಕ್ಕಳು ಜೂನ್‌ನಿಂದ ದಸರಾ ತನಕ ತುಟಿ ಬಿಚ್ಚಲ್ಲ.
ಸದ್ದಿಲ್ಲದ್ದೆಲ್ಲ ಸತ್ತದ್ದು ಎಂಬ ಲೆಕ್ಕ ಗೂಡಿಗೆ ಸರಿ,
ಇಲ್ಲಿ ನಡೆಯಲ್ಲ. ಇದನ್ನು ಯಾರೂ ಕೈ ಹಿಡಿದು ಕಲಿಸಲಿಲ್ಲ,
ಇನ್ನೂ ತಪ್ಪುತ್ತಿದ್ದೇನೆ.

ಆ ದಿನ ಸಂಜೆ ಗೂಡು ವಾಪಸ್ಸು ಕೊಡುವಾಗ ಹದಿಮೂರೇ ಇದ್ದವು.
ಹೇಳಿರಲಿಲ್ವಾ, ಎಂದು ನಕ್ಕಳು ಮುದುಕಿ.
ಅವಳ ಸೆರಗಿನ ಹಿಂದೆ ನಿಂತಿದ್ದ ಮೊಮ್ಮಗಳ ಬಲಮುಷ್ಟಿ
ಬಿಗಿಯಾಗಿ ಮುಚ್ಚಿತ್ತು.
ತಸ್ಮಿಯಾ, ಕೈಯಲ್ಲೇನು? ಅಂದೆ.
"ಏನಿಲ್ಲ."
ಎರಡನೇ ಸಲ ಕೇಳಲಿಲ್ಲ.